ತಗಡೂರಿನ ಅರಸರು, ಕನ್ನಡದ ಕಂಬ

ತಮಿಳುನಾಡಿನ ಧರ್ಮಪುರಿಗೆ ಹಳೆಯ ಹೆಸರು ತಗಡೂರು. ಈ ಊರಿನ ಚರಿತ್ರೆಯತ್ತ ನನ್ನನ್ನು ಎಳೆದದ್ದು ಒಂದು ಕಲ್ಲುಕಂಬ. ಅದರ ಮೇಲಿರುವುದು ಶಕವರ್ಷ 815ರ, ಎಂದರೆ ಕ್ರಿ.ಶ. 893ರ ಕನ್ನಡ ಶಾಸನ. ಆಗ ಆಳುತ್ತಿದ್ದವನು ನೊಳಂಬ ಮನೆತನದ ಮಹೇಂದ್ರ. ಶ್ರೀಮಂಗಲದ ಸೆಟ್ಟಿಯೊಬ್ಬನ ಮಕ್ಕಳಾದ ನಿಧಿಯಣ್ಣ, ಚಂದಿಯಣ್ಣ ತಗಡೂರಿನಲ್ಲಿ ಬಸದಿ ಕಟ್ಟಿಸಿದರು. ನಿಧಿಯಣ್ಣ ಅರಸನಿಂದ ಮೂಲಪಳ್ಳಿಯನ್ನು ಪಡೆದು, ಬಸದಿಯ ದುರಸ್ತಿ ಮುಂತಾದ ಕೆಲಸಕ್ಕೆಂದು ಕನಕಸೇನ ಸಿದ್ಧಾಂತ ಭಟಾರರಿಗೆ ಬಿಟ್ಟುಕೊಟ್ಟ. ಬಾಣ ಅರಸರನ್ನು ಬಗ್ಗುಬಡಿದ ಮಹೇಂದ್ರನಿಗಿಂತ ಈ ಸೆಟ್ಟಿಮಕ್ಕಳೇ ನನಗೆ ಹೆಚ್ಚು ಆಪ್ತರು. ಕಟ್ಟಿದ್ದು ಮುಂದೆ ಬೀಳದಂತೆ ನೋಡಿಕೊಳ್ಳುವವರಾರು ಎಂದು ಆಗಲೇ ಯೋಚಿಸಿದ್ದರಲ್ಲ!

ಇಂಥ ಬರಹವನ್ನು ಓದಲು ಶಾಸನತಜ್ಞರು ಮೊದಲು ಪಡಿಯಚ್ಚು ತೆಗೆಯುತ್ತಾರೆ. ಕಲ್ಲನ್ನು ಉಜ್ಜಿ ತೊಳೆದು, ಒದ್ದೆ ಕಾಗದ ಹೊದಿಸಿ, ಗಟ್ಟಿ ಕುಂಚದಿಂದ ಬಡಿದು ಬಡಿದು ಅಕ್ಷರದ ಕುಳಿಯೊಳಕ್ಕೆ ಕೂರಿಸುತ್ತಾರೆ. ಮೇಲೆ ಮಸಿ ಒತ್ತಿದರೆ ಕಾಗದದ ಮೈಯೆಲ್ಲ ಕಪ್ಪು. ಅಕ್ಷರ ಮಾತ್ರ ಬೆಳ್ಳಗೆ ಎದ್ದು ಕಾಣುತ್ತದೆ.

ನೊಳಂಬರಿಗಿಂತ ಎಷ್ಟೋ ಮೊದಲೇ ಇಲ್ಲಿ ಅರಸರಿದ್ದರು. ಕವಯಿತ್ರಿ ಔವೈಯಾರ್‌ಗೆ ಆಯುಸ್ಸು ಹೆಚ್ಚಿಸುವ ನೆಲ್ಲಿಕಾಯಿ ಕೊಟ್ಟನೆಂದು ತಮಿಳರು ಇಂದಿಗೂ ನೆನೆಯುವ ಅದಿಯಮಾನ್ ನೆಡುಮಾನ್ ಅಂಜಿ ತಗಡೂರಿನವನೇ. ಅಶೋಕ ತನ್ನ ಎರಡನೆಯ ಬಂಡೆ ಶಾಸನದಲ್ಲಿ, ಮನುಷ್ಯರಿಗೂ ಪ್ರಾಣಿಗಳಿಗೂ ಮದ್ದಿನ ಏರ್ಪಾಡು ಮಾಡಿಸಿದ ಗಡಿಯಾಚೆಯ ನಾಡುಗಳನ್ನು ಹೇಳುವಾಗ ಚೋಳ, ಪಾಂಡ್ಯರ ಜೊತೆ ಸತಿಯಪುತ್ರನನ್ನೂ ಸೇರಿಸುತ್ತಾನೆ. ಈ ಸತಿಯಪುತ್ರರು ಯಾರೆಂಬ ಚರ್ಚೆ ಬಹುಕಾಲ ನಡೆಯಿತು. 1981ರಲ್ಲಿ ತಿರುಕ್ಕೋವಿಲೂರು ಬಳಿಯ ಜಂಬೈಯಲ್ಲಿ ಸಿಕ್ಕ ತಮಿಳು ಬ್ರಾಹ್ಮಿ ಬರಹ ಅಂಜಿಯನ್ನೇ ಸತಿಯಪುತ್ರನೆಂದು ಕರೆದಾಗ ಗಂಟು ಬಿಡಿಸಿಕೊಂಡಿತು. ಅಶೋಕನ ಹದಿಮೂರನೆಯ ಶಾಸನದಲ್ಲಿ ಬರುವ ತುರಮಯ, ಈಜಿಪ್ಟಿನ ದೊರೆ ಎರಡನೆಯ ಟಾಲೆಮಿ. ನೈಲ್ ದಂಡೆಯ ಅರಸನೂ ತಗಡೂರಿನ ಮನೆತನವೂ ಒಬ್ಬನೇ ಚಕ್ರವರ್ತಿಯ ಕಲ್ಬರಹಗಳಲ್ಲಿ ಜಾಗ ಪಡೆದಿವೆ.

ಪಕ್ಕದ ಸೇಲಂ ಜಿಲ್ಲೆ ಇನ್ನೂ ಹಿಂದಕ್ಕೆ ಒಯ್ಯುತ್ತದೆ. ಮೆಟ್ಟೂರು ಸಮೀಪದ ಮಾಂಗಾಡಿನಲ್ಲಿ ಸಿಕ್ಕ ಕಬ್ಬಿಣ ಕ್ರಿ.ಪೂ. 1604–1416ರ ನಡುವಿನದೆಂದು ತಮಿಳುನಾಡು ಪುರಾತತ್ವ ಇಲಾಖೆಯ ವರದಿ ಹೇಳುತ್ತದೆ. ಅದಾದ ಮೇಲೆ ಬಂದ ಈಜಿಪ್ಟಿನ ದೊರೆ ಟುಟನ್‌ಖಾಮನ್‌ನ ಗೋರಿಯಲ್ಲಿದ್ದ ಕಠಾರಿಯ ಅಲಗು ಆಕಾಶದಿಂದ ಬಿದ್ದ ಉಲ್ಕೆಯ ಕಬ್ಬಿಣದ್ದು.

ಧರ್ಮಪುರಿಯ ಕೋಟೆಯ ಮಲ್ಲಿಕಾರ್ಜುನ ಗುಡಿಯಲ್ಲಿ ನೊಳಂಬ ಶೈಲಿಯ ಕಂಬಗಳಿವೆ, ಛಾವಣಿಯಲ್ಲಿ ಅಷ್ಟದಿಕ್ಪಾಲಕರಿದ್ದಾರೆ. ಊರಿನ ವಸ್ತುಸಂಗ್ರಹಾಲಯದಲ್ಲಿ ವೀರಗಲ್ಲುಗಳನ್ನೂ ನೋಡಬಹುದು. ನಿಧಿಯಣ್ಣನ ಕಂಬ ಮಾತ್ರ ಚೆನ್ನೈ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ. ಅಲ್ಲಿ ಅದು ಸುರಕ್ಷಿತವೆಂಬುದು ಸಮಾಧಾನವೇ. ಆದರೂ ಅದರದೊಂದು ಪಡಿಯಚ್ಚು, ಕೆಳಗೆ ತಮಿಳಿನಲ್ಲೂ ಕನ್ನಡದಲ್ಲೂ ನಾಲ್ಕು ಸಾಲಿನ ವಿವರ ಧರ್ಮಪುರಿಯಲ್ಲೇ ಇದ್ದರೆ, ಹೊಗೇನಕಲ್ಲಿಗೆಂದು ಈ ದಾರಿ ಹಿಡಿಯುವ ಕನ್ನಡಿಗರು ಅರ್ಧ ಗಂಟೆಯಾದರೂ ಇಲ್ಲಿ ಇಳಿದಾರು.