ದುಡಿಯದ ದುಡ್ಡು ಬೇಡವೆಂದ ನಾಯಕ



ಸಂಘದ ಆಡಳಿತ ಮಂಡಳಿಗೆ ಚುನಾವಣೆ ಬಂದಾಗ ನೀವು ಅಭ್ಯರ್ಥಿಯ ಹೆಸರು ನೋಡುತ್ತೀರೋ, ನಡತೆ ನೋಡುತ್ತೀರೋ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೆನಡಾ ದೇಶದ ಸಿಲ್ ಆ್ಯಪ್ಸ್ ಅವರ ಬದುಕನ್ನು ಓದಿ.

ಆ್ಯಪ್ಸ್ ಹುಟ್ಟಿದ್ದು 1915ರಲ್ಲಿ, ಒಂಟಾರಿಯೊ ಪ್ರಾಂತ್ಯದ ಪ್ಯಾರಿಸ್ ಎಂಬ ಸಣ್ಣ ಊರಿನಲ್ಲಿ. 1936ರ ಬರ್ಲಿನ್ ಒಲಿಂಪಿಕ್ಸ್‌ನ ಪೋಲ್ ವಾಲ್ಟ್‌ನಲ್ಲಿ ಆರನೇ ಸ್ಥಾನ ಪಡೆದರು. ಅದೇ ವರ್ಷ ಟೊರೊಂಟೊ ಮೇಪಲ್ ಲೀಫ್ಸ್ ತಂಡ ಸೇರಿ ಐಸ್ ಹಾಕಿಯನ್ನೇ ವೃತ್ತಿ ಮಾಡಿಕೊಂಡರು. ನಾಯಕರಾಗಿ ಮೂರು ಬಾರಿ ಸ್ಟ್ಯಾನ್ಲಿ ಕಪ್ ಗೆದ್ದರು. 1942ರ ಫೈನಲ್ ಸರಣಿಯಲ್ಲಿ ಮೊದಲ ಮೂರು ಪಂದ್ಯ ಸೋತ ಅವರ ತಂಡ, ಮುಂದಿನ ನಾಲ್ಕನ್ನೂ ಗೆದ್ದಿತು. ಮೈಗೆ ಮೈ ಬಡಿಯುವ ಒರಟು ಆಟವದು. ಆದರೂ 1941–42ರ ಲೀಗ್ ಪಂದ್ಯಗಳಲ್ಲಿ ಅವರು ಒಮ್ಮೆಯೂ ದಂಡನೆಗೆ ಒಳಗಾಗಲಿಲ್ಲ.

ಅವರ ಗುಣ ತಿಳಿಯಬೇಕಾದರೆ 1943ರ ಸಂಗತಿ ಕೇಳಿ. ಗೋಲಿನ ಕಂಬಕ್ಕೆ ಬಡಿದು ಕಾಲು ಮುರಿಯಿತು, ಮೂಲೆ ಸೇರಿದರು. ಸಂಬಳ ಮಾತ್ರ ನಿಲ್ಲಲಿಲ್ಲ. ಆಡದ ದಿನಗಳ ಹಣ ತನಗೆ ಸಲ್ಲದೆಂದು 1,000 ಡಾಲರ್ ಚೆಕ್ಕನ್ನು ತಂಡಕ್ಕೆ ಹಿಂತಿರುಗಿಸಲು ಹೋದರು. ತಂಡ ಅದನ್ನು ತೆಗೆದುಕೊಳ್ಳಲಿಲ್ಲ. ಆದರೆ ಆ ಚೆಕ್ಕಿನ ಮಾತು ಇಂದಿಗೂ ಉಳಿದಿದೆ.

1948ರಲ್ಲಿ, ಒಳ್ಳೆಯ ಫಾರ್ಮ್‌ನಲ್ಲಿದ್ದಾಗಲೇ ಆಟ ಬಿಟ್ಟರು. 1963ರಲ್ಲಿ ಕಿಂಗ್‌ಸ್ಟನ್ ಕ್ಷೇತ್ರದಿಂದ ಒಂಟಾರಿಯೊ ಶಾಸನಸಭೆಗೆ ಆಯ್ಕೆಯಾಗಿ, 1975ರವರೆಗೆ ಶಾಸಕರಾಗಿದ್ದರು. 1971ರಿಂದ 1974ರವರೆಗೆ ಸೆರೆಮನೆ ಮತ್ತು ಸುಧಾರಣಾ ಸೇವೆಗಳ ಮಂತ್ರಿ. ಚಪ್ಪಾಳೆ ಸಿಗುವ ಖಾತೆಯಲ್ಲ ಅದು. ಸಮಾಜ ಕೈಬಿಟ್ಟವರ ಹೊಣೆ.

ಅವರು ಶಾಸಕರಾಗಿದ್ದ ಆ ಶಾಸನಸಭೆಯೇ 1965ರಲ್ಲಿ ಹಾಲು ಕಾಯ್ದೆ ತಂದಿತು. ರೈತರ ಪರವಾಗಿ ಹಾಲು ಮಾರುವ ಮಂಡಳಿಯೊಂದು ಅದರಿಂದ ಹುಟ್ಟಿತು. ಅದೇ ವರ್ಷ ನಮ್ಮ ದೇಶದ ಆನಂದ್‌ನಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಆರಂಭವಾಯಿತು. ಎರಡು ಕಡೆಯೂ ಒಂದೇ ಅರಿವು: ಒಬ್ಬೊಬ್ಬರೇ ಕ್ಯಾನ್ ಹಿಡಿದು ನಿಂತರೆ ದರ ಕೊಳ್ಳುವವನದು, ಒಟ್ಟಾಗಿ ನಿಂತರೆ ದರದಲ್ಲಿ ನಮ್ಮ ಮಾತಿಗೂ ಬೆಲೆ.

ಒಟ್ಟಾಗಿ ನಿಲ್ಲಲು ನಂಬಿಕೆ ಬೇಕು. ಜಿಡ್ಡಿನ ಅಂಶದಲ್ಲಿ ಒಂದು ಪಾಯಿಂಟ್, ಅಳತೆಯಲ್ಲಿ ನೂರು ಮಿಲಿ, ಬಟವಾಡೆಯಲ್ಲಿ ಎರಡು ದಿನ: ನಂಬಿಕೆ ಸೋರುವುದು ಇಂಥ ಸಣ್ಣ ತೂತುಗಳಿಂದಲೇ. ತನಗೆ ಸಲ್ಲದ ಹಣ ಕೈಗೆ ಬಂದಾಗ ಏನು ಮಾಡಿದ ಎಂಬುದೇ ಮನುಷ್ಯನ ನಿಜವಾದ ಅಳತೆ. ಹೆಸರು ದೊಡ್ಡದಿದ್ದರಷ್ಟೇ ಸಾಲದು.

ಆದ್ದರಿಂದ ಈ ಬಾರಿಯ ವಾರ್ಷಿಕ ಮಹಾಸಭೆಗೆ ತಪ್ಪದೆ ಬನ್ನಿ. ಆಡಿಟ್ ವರದಿ ಓದಿಸಿ, ಸಂಶಯವಿದ್ದರೆ ಎದ್ದು ಕೇಳಿ. ಮತ ಹಾಕುವ ಮುನ್ನ ಆ ಚೆಕ್ಕನ್ನು ಒಮ್ಮೆ ನೆನೆಯಿರಿ.