ವಿದೇಶಕ್ಕೆ ಹೊರಟವರ ಕಾರು: ಒಯ್ಯುವುದೇ, ಮಾರುವುದೇ?

ಪೀಣ್ಯದ ಕೈಗಾರಿಕಾ ವಸಾಹತಿನಲ್ಲಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ, ಸಣ್ಣ ಉದ್ಯಮಿಯೊಬ್ಬರು ತಮ್ಮ ಘಟಕದ ಮೊದಲ ಲಾಭದಿಂದ ಕೊಂಡ ಕಾರಿಗೆ ಲೆಕ್ಕಪುಸ್ತಕವನ್ನು ಮೀರಿದ ಬೆಲೆಯೊಂದು ಇರುತ್ತದೆ. ಆಯುಧಪೂಜೆಯಂದು ಯಂತ್ರಗಳ ಸಾಲಿನಲ್ಲಿ ಅದಕ್ಕೂ ಹೂವು, ಕುಂಕುಮ ಸಲ್ಲುತ್ತವೆ. ಮುಂದೊಂದು ದಿನ ದುಬೈಯಲ್ಲಿ ಶಾಖೆ ತೆರೆಯಲೋ, ಆಸ್ಟ್ರೇಲಿಯಾದಲ್ಲಿ ನೆಲೆಸಲೋ ಕುಟುಂಬ ಹೊರಟಾಗ, ಮನೆಯ ಸಾಮಾನಿನೊಡನೆ ಕಾರನ್ನೂ ಕಳುಹಿಸಿದರಾಯಿತು ಎಂಬ ಆಲೋಚನೆ ಮೂಡುವುದು ಸಹಜ. ಸರಕು ಸಾಗಣೆಯ ಅನುಭವವುಳ್ಳ ವರ್ತಕರಿಗಂತೂ ಇದು ಸುಲಭದ ಕೆಲಸವೆಂದೇ ತೋರುತ್ತದೆ. ಒಳಗಿನ ಉದ್ದ ಸುಮಾರು 5.9 ಮೀಟರ್ ಇರುವ 20 ಅಡಿಯ ಕಂಟೇನರಿನಲ್ಲಿ ಒಂದು ಕಾರು ಆರಾಮವಾಗಿ ಹಿಡಿಸುತ್ತದೆ.

ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಸಾಗಣೆ ವೆಚ್ಚ ಎಷ್ಟೆಂಬುದಲ್ಲ; ಆ ದೇಶದಲ್ಲಿ ಈ ಕಾರಿಗೆ ನೋಂದಣಿ ದೊರೆಯುವುದೇ ಎಂಬುದು.

ಸ್ಟೀರಿಂಗ್ ಯಾವ ಬದಿಗೆ?

ಭಾರತದಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಚಲಿಸುವುದರಿಂದ ಸ್ಟೀರಿಂಗ್ ಬಲಗಡೆ ಇರುತ್ತದೆ. ಕರಾವಳಿಯ ಕನ್ನಡಿಗರು ಹೆಚ್ಚಾಗಿ ತೆರಳುವ ಕೊಲ್ಲಿ ರಾಷ್ಟ್ರಗಳಲ್ಲಿ ಸ್ಥಿತಿ ಇದಕ್ಕೆ ತದ್ವಿರುದ್ಧ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಬಲಗಡೆ ಸ್ಟೀರಿಂಗ್ ಇರುವ ಕಾರನ್ನು ನಿತ್ಯಬಳಕೆಗಾಗಿ ನೋಂದಾಯಿಸಲು ಸಾಮಾನ್ಯವಾಗಿ ಅವಕಾಶವಿಲ್ಲ. ಸೌದಿ ಅರೇಬಿಯಾದಲ್ಲಿ ಈ ತಡೆಯ ಜೊತೆಗೆ 5 ವರ್ಷಕ್ಕಿಂತ ಹಳೆಯ ಕಾರುಗಳ ಆಮದಿಗೂ ನಿಷೇಧವಿದೆ. ಕಾರ್ನೆ ಎಂಬ ಸುಂಕ ದಾಖಲೆಯ ಆಧಾರದಿಂದ ಕಾರನ್ನು ಒಯ್ಯಬಹುದಾದರೂ ಅದು ಪ್ರವಾಸಿಗರಿಗೆ ನೀಡುವ ತಾತ್ಕಾಲಿಕ ಸೌಲಭ್ಯ; ನೆಲೆಸಲು ಹೋಗುವವರಿಗೆ ಅದರಿಂದ ಪ್ರಯೋಜನವಿಲ್ಲ.

ಅಮೆರಿಕದ ನಿಯಮ ಬೇರೆ ಬಗೆಯದು. ಅಲ್ಲಿನ ಸುರಕ್ಷತಾ ಮಾನಕಗಳಿಗೆ ಅನುಗುಣವಾಗಿ ತಯಾರಾಗದ ಕಾರನ್ನು, ಅದಕ್ಕೆ 25 ವರ್ಷ ತುಂಬುವವರೆಗೆ, ಮಾರ್ಪಾಡು ಮಾಡಿಸದೆ ಶಾಶ್ವತವಾಗಿ ಆಮದು ಮಾಡಿಕೊಳ್ಳುವಂತಿಲ್ಲ. ಮಾರ್ಪಾಡಿನ ವೆಚ್ಚವೋ ಕಾರಿನ ಬೆಲೆಯನ್ನೇ ನುಂಗಬಲ್ಲದು.

ಎಡಬದಿಯ ದೇಶಗಳ ಷರತ್ತುಗಳು

ಬ್ರಿಟನ್, ಆಸ್ಟ್ರೇಲಿಯಾ, ಸಿಂಗಪುರ, ಕೀನ್ಯಾ ಮುಂತಾದ ದೇಶಗಳಲ್ಲಿ ಸ್ಟೀರಿಂಗಿನ ತೊಡಕಿಲ್ಲ. ಆದರೆ ಪ್ರತಿಯೊಂದಕ್ಕೂ ತನ್ನದೇ ಆದ ಕಟ್ಟಳೆಗಳಿವೆ. ಸಿಂಗಪುರದಲ್ಲಿ 3 ವರ್ಷ ಮೀರಿದ ಹಳೆಯ ಕಾರಿಗೆ ಪ್ರವೇಶವಿಲ್ಲ. ಇದಲ್ಲದೆ ಕಾರು ಹೊಂದುವ ಹಕ್ಕುಪತ್ರವನ್ನೇ ಹರಾಜಿನಲ್ಲಿ ಕೊಳ್ಳಬೇಕು. ಕೀನ್ಯಾದಲ್ಲಿ 8 ವರ್ಷಗಳ ಮಿತಿಯಿದೆ.

ಬ್ರಿಟನ್ನಿಗೆ ವಾಸ ಬದಲಿಸುವವರಿಗೆ ಸುಂಕ ಮತ್ತು ತೆರಿಗೆಯಿಂದ ವಿನಾಯಿತಿ ದೊರೆಯುತ್ತದೆ. ಅದಕ್ಕಾಗಿ ಕನಿಷ್ಠ 12 ತಿಂಗಳು ಹೊರದೇಶದಲ್ಲಿ ವಾಸವಾಗಿದ್ದು, ಕಾರನ್ನು ಕನಿಷ್ಠ 6 ತಿಂಗಳು ತಾವೇ ಹೊಂದಿ ಬಳಸಿರಬೇಕು. ಅಲ್ಲಿಗೆ ತಲುಪಿದ ಮೇಲೆ 12 ತಿಂಗಳು ಅದನ್ನು ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತೆಯೂ ಇಲ್ಲ. ಆಸ್ಟ್ರೇಲಿಯಾದಲ್ಲಿ 2021ರ ಜುಲೈನಿಂದ ಜಾರಿಯಲ್ಲಿರುವ ವ್ಯವಸ್ಥೆಯಂತೆ, ವೈಯಕ್ತಿಕ ಆಮದಿಗೆ ಕನಿಷ್ಠ 12 ತಿಂಗಳ ಮಾಲೀಕತ್ವ ಮತ್ತು ಬಳಕೆಯ ಪುರಾವೆ ಬೇಕು. ಕಾರು ಹಡಗು ಹತ್ತುವ ಮೊದಲೇ ಅನುಮತಿ ಕೈಯಲ್ಲಿರಬೇಕು. ಬ್ರೇಕ್ ಪ್ಯಾಡ್ ಅಥವಾ ಗ್ಯಾಸ್ಕೆಟ್‌ನಲ್ಲಿ ಕಲ್ನಾರು ಇದ್ದರೂ, ಚಕ್ರದ ಸಂದಿಯಲ್ಲಿ ನಮ್ಮ ಊರಿನ ಮಣ್ಣು ಉಳಿದಿದ್ದರೂ ಬಂದರಿನಲ್ಲೇ ತಡೆ ಬೀಳುತ್ತದೆ.

ಸಂಸ್ಥೆಯ ಹೆಸರಿನ ಕಾರು

ವರ್ತಕರು ಮತ್ತು ಉತ್ಪಾದಕರು ವಿಶೇಷವಾಗಿ ಗಮನಿಸಬೇಕಾದ ಅಂಶ ಇದು. ಸವಕಳಿಯ ಲಾಭಕ್ಕಾಗಿ ಕಾರನ್ನು ಪಾಲುದಾರಿಕೆ ಸಂಸ್ಥೆಯ ಅಥವಾ ಕಂಪನಿಯ ಹೆಸರಿನಲ್ಲಿ ಕೊಳ್ಳುವ ರೂಢಿ ವ್ಯಾಪಕವಾಗಿದೆ. ಮೇಲೆ ಹೇಳಿದ ಸೌಲಭ್ಯಗಳಾದರೋ ವ್ಯಕ್ತಿಗೆ ಸಲ್ಲುವಂಥವು, ಸಂಸ್ಥೆಗಲ್ಲ. ಹೊರಡುವ ಹಿಂದಿನ ತಿಂಗಳು ಹೆಸರು ಬದಲಿಸಿಕೊಂಡರೆ 6 ಅಥವಾ 12 ತಿಂಗಳ ಅವಧಿ ಪೂರ್ಣಗೊಳ್ಳುವುದಿಲ್ಲ. ಆದ್ದರಿಂದ ಒಯ್ಯುವ ಇಚ್ಛೆಯಿದ್ದವರು ಒಂದು ವರ್ಷ ಮೊದಲೇ ವರ್ಗಾವಣೆ ಮಾಡಿಸಿಕೊಳ್ಳುವುದು ಲೇಸು.

ಈ ವರ್ಗಾವಣೆಯೂ ಮಾರಾಟವೇ ಆಗಿರುವುದರಿಂದ ಜಿ.ಎಸ್.ಟಿ. ಪ್ರಶ್ನೆ ಏಳುತ್ತದೆ. ಕಾರಿನ ಮೇಲೆ ಹೂಡುವಳಿ ತೆರಿಗೆಯ ಜಮೆ ಪಡೆಯದೆ, ಸವಕಳಿಯನ್ನು ಮಾತ್ರ ಪಡೆದಿದ್ದ ನೋಂದಾಯಿತ ಸಂಸ್ಥೆಗೆ, ಮಾರಾಟ ಬೆಲೆಗೂ ಸವಕಳಿ ಕಳೆದ ಮೌಲ್ಯಕ್ಕೂ ಇರುವ ಅಂತರದ ಮೇಲಷ್ಟೇ ತೆರಿಗೆ ಬೀಳುತ್ತದೆ. 2025ರ ಜನವರಿಯಿಂದ ಇದರ ದರ ಶೇ. 18. ಅಂತರ ಶೂನ್ಯಕ್ಕಿಂತ ಕೆಳಗಿದ್ದರೆ ತೆರಿಗೆಯಿಲ್ಲ.

ಮೂಗಿಗಿಂತ ಮೂಗುತಿ ಭಾರ

ಒಂದು ಉದಾಹರಣೆಯ ಲೆಕ್ಕ. ಕಾರಿನ ಬೆಲೆ 5 ಲಕ್ಷ ರೂಪಾಯಿ, ಸಾಗಣೆ ಮತ್ತು ವಿಮೆ ಸೇರಿ 1.5 ಲಕ್ಷ ಎಂದು ಇಟ್ಟುಕೊಳ್ಳೋಣ. ಬ್ರಿಟನ್ನಿನಲ್ಲಿ ವಿನಾಯಿತಿ ದೊರೆಯದಿದ್ದರೆ ಶೇ. 20ರ ವ್ಯಾಟ್ ಬರಿಯ 5 ಲಕ್ಷದ ಮೇಲಲ್ಲ, 6.5 ಲಕ್ಷದ ಮೇಲೆ ಬೀಳುತ್ತದೆ, ಅಂದರೆ 1.3 ಲಕ್ಷ. ಆಮದು ಸುಂಕವನ್ನು ಸೇರಿಸದೆಯೇ ವೆಚ್ಚ 2.8 ಲಕ್ಷಕ್ಕೆ ಮುಟ್ಟಿತು. ಇದರ ಮೇಲೆ ವಾಹನ ತಪಾಸಣೆ, ಬಂದರು ಶುಲ್ಕ, ಹೊಸ ವಿಮೆ ಇವೆ. ಇಷ್ಟೆಲ್ಲ ಆದಮೇಲೂ, ಅಲ್ಲಿ ಮಾರಾಟವಾಗದ ಮಾದರಿಯಾಗಿದ್ದರೆ ಬಿಡಿಭಾಗಗಳು ಸಿಗುವುದು ಕಷ್ಟ. ಮರುಮಾರಾಟದ ಬೆಲೆಯೂ ಅಷ್ಟಕ್ಕಷ್ಟೆ.

ಮಾರದೆ ಬಿಟ್ಟುಹೋಗುವ ಅಪಾಯ

ಒಯ್ಯುವುದು ನಷ್ಟವೆಂದು ತಿಳಿದಮೇಲೂ ಮಾರಲು ಮನಸ್ಸೊಪ್ಪದೆ, ಕಾರನ್ನು ಬಂಧುಗಳ ಕೈಗೊಪ್ಪಿಸಿ ಹೋಗುವವರಿದ್ದಾರೆ. ಕಡೆಯ ವಾರದ ಗಡಿಬಿಡಿಯಲ್ಲಿ ಖಾಲಿ ನಮೂನೆಗಳಿಗೆ ಸಹಿ ಹಾಕಿ ದಲ್ಲಾಳಿಗೆ ಕೊಡುವವರೂ ಇದ್ದಾರೆ. ಅತಿ ದೊಡ್ಡ ನಷ್ಟದ ಬಾಗಿಲು ತೆರೆಯುವುದು ಇಲ್ಲಿಯೇ. ಮಾರಾಟದ ನಂತರ ಹಲವು ಕೈ ದಾಟಿ ಅಪಘಾತಕ್ಕೀಡಾದ ವಾಹನವೊಂದರ ಪ್ರಕರಣದಲ್ಲಿ, ಪರಿಹಾರದ ಹೊಣೆ ನೋಂದಣಿ ದಾಖಲೆಯಲ್ಲಿ ಹೆಸರಿರುವವರದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರುವರಿಯಲ್ಲಿ ತೀರ್ಪಿತ್ತಿದೆ. ಹಣ ಕೈಸೇರಿ, ಕಾರು ಕೈಬಿಟ್ಟು ವರ್ಷಗಳಾಗಿದ್ದರೂ, ಹೆಸರು ಉಳಿದಿದ್ದರೆ ಹೊಣೆಯೂ ಉಳಿಯುತ್ತದೆ.

ಆದುದರಿಂದ ಸಾಲವಿದ್ದರೆ ಅದನ್ನು ತೀರಿಸಿ ನಮೂನೆ 35ರ ಮೂಲಕ ಅಡಮಾನದ ನಮೂದನ್ನು ತೆಗೆಸಬೇಕು. ನಮೂನೆ 29 ಮತ್ತು 30ನ್ನು ಪೂರ್ತಿಯಾಗಿ ತುಂಬಿ ಸಲ್ಲಿಸಿ, ದಾಖಲೆಯಲ್ಲಿ ಹೊಸ ಮಾಲೀಕರ ಹೆಸರು ಮೂಡಿದ್ದನ್ನು ಕಣ್ಣಾರೆ ಕಂಡಮೇಲೆಯೇ ವಿಮಾನ ಏರಬೇಕು. ಇದಕ್ಕೆ ಎರಡು ಮೂರು ತಿಂಗಳ ಕಾಲಾವಕಾಶ ಇಟ್ಟುಕೊಳ್ಳುವುದು ಒಳ್ಳೆಯದು.

ಹೊಸದಾದ, ಸ್ವಂತ ಹೆಸರಿನಲ್ಲಿರುವ, ತೆರಳುವ ದೇಶದಲ್ಲೂ ಮಾರಾಟದಲ್ಲಿರುವ ಮಾದರಿಯ ಕಾರು, ಎಡಬದಿಯ ಸಂಚಾರವುಳ್ಳ ದೇಶಕ್ಕೆ ವಿನಾಯಿತಿಯೊಡನೆ ಹೋಗುವುದಾದರೆ ಒಯ್ಯುವ ಮಾತನ್ನು ಪರಿಶೀಲಿಸಬಹುದು. ಈ ಷರತ್ತುಗಳಲ್ಲಿ ಒಂದು ತಪ್ಪಿದರೂ ಮಾರುವುದೇ ಜಾಣತನ. ದುಡಿಮೆಯ ಮೊದಲ ಫಲವನ್ನು ಬೀಳ್ಕೊಡುವುದು ಮನಸ್ಸಿಗೆ ಭಾರವೇ ಸರಿ. ಆದರೆ ಅದನ್ನು ಸಕಾಲದಲ್ಲಿ, ಸರಿಯಾದ ಕಾಗದಪತ್ರಗಳೊಡನೆ ಮತ್ತೊಬ್ಬರ ಅಂಗಳಕ್ಕೆ ಒಪ್ಪಿಸಿದರೆ, ಬಂದ ಹಣ ಹೊಸ ನೆಲದ ಮೊದಲ ಬಂಡವಾಳವಾಗುತ್ತದೆ.