ಅಜ್ಜನ ಮನೆಗೆ ಬೆಲೆ ಕಟ್ಟುವ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತದೆ ಗಾದೆ. ಹಿರಿಯರು ಬಿಟ್ಟುಹೋದ ಹಳೇ ಮನೆಯನ್ನು ಮಾರಲು ಹೊರಟವರನ್ನು ಕೇಳಿದರೆ ಅದಕ್ಕೆ ಇನ್ನೊಂದು ಮಾತು ಸೇರಿಸಿಯಾರು: ಮನೆ ಮಾರಿ ನೋಡು!

ಮೈಸೂರಿನ ಯಾವುದೇ ಹಳೆಯ ಮೊಹಲ್ಲಾದಲ್ಲಿ ಅಡ್ಡಾಡಿದರೂ ಇಂಥ ಮನೆ ಕಣ್ಣಿಗೆ ಬೀಳುತ್ತದೆ. ಮುಂದೆ ಜಗಲಿ, ಮೇಲೆ ಮಂಗಳೂರು ಹೆಂಚು, ಕೆಂಪು ಗಾರೆಯ ನೆಲ, ತೇಗದ ಬಾಗಿಲು. ಅಜ್ಜ ತೀರಿಕೊಂಡು ವರ್ಷಗಳಾಗಿವೆ. ಮಕ್ಕಳು ಒಬ್ಬೊಬ್ಬರು ಒಂದೊಂದು ಊರಿನಲ್ಲಿ. ಹೆಂಚು ಜಾರಿ ಅಡುಗೆಮನೆ ಸೋರುತ್ತಿದೆ, ವೈರಿಂಗ್ ಹಳೆಯದು, ಬಚ್ಚಲು ಹಿತ್ತಲಿನಲ್ಲಿ. ಅಷ್ಟರಲ್ಲಿ ಪಿಯುಸಿ ಮುಗಿಸಿದ ಮೊಮ್ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಗುತ್ತದೆ. ಆ ರಾತ್ರಿ ಊಟಕ್ಕೆ ಕುಳಿತಾಗ ಮಾತು ಬರುತ್ತದೆ: “ಬೀಗ ಹಾಕಿರೋ ಆ ಮನೆ ಮಾರಿಬಿಟ್ಟರೆ ಫೀಸಿನ ಚಿಂತೆ ಇರೋಲ್ಲ.”

ಮಾರುವುದು ತಪ್ಪಲ್ಲ. ಆದರೆ ಫೀಸು ಕಟ್ಟುವ ಕೊನೆಯ ದಿನಾಂಕವನ್ನು ಎದುರಿಗಿಟ್ಟುಕೊಂಡು ಮನೆ ಮಾರುವವರಿಗೆ ನ್ಯಾಯವಾದ ಬೆಲೆ ಸಿಗುವುದು ಕಷ್ಟ. ಮಾರುವವರ ಅವಸರ ಕೊಳ್ಳುವವರ ಲಾಭ.

ಮೊದಲು ಪಾಲಿನ ಲೆಕ್ಕ

“ತಂಗಿಯ ಮದುವೆಗೆ ಅಪ್ಪ ಖರ್ಚು ಮಾಡಿಯಾಗಿದೆ, ಅವಳಿಗೇನು ಪಾಲು?” ಎನ್ನುವ ಮಾತು ಇಂದಿಗೂ ಕೇಳಿಬರುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ. ಹಿಂದೂ ಕುಟುಂಬದಲ್ಲಿ ಅಜ್ಜ ಉಯಿಲು ಬರೆಯದೆ ತೀರಿಕೊಂಡಿದ್ದರೆ, ಅವರ ಸ್ವಯಾರ್ಜಿತ ಮನೆಯಲ್ಲಿ ಅಜ್ಜಿಗೂ, ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳಿಗೂ 1956ರ ಕಾಯಿದೆಯಂತೆ ಸಮಪಾಲು. ಪಿತ್ರಾರ್ಜಿತ ಆಸ್ತಿಯಲ್ಲಿಯೂ ಮಗಳು ಹುಟ್ಟಿನಿಂದಲೇ ಮಗನಷ್ಟೇ ಹಕ್ಕುದಾರಳು ಎಂದು 2005ರ ತಿದ್ದುಪಡಿ ಹೇಳಿತು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಸ್ಪಷ್ಟಪಡಿಸಿತು. ಮುಸ್ಲಿಮರಿಗೂ ಕ್ರೈಸ್ತರಿಗೂ ಅವರವರ ಉತ್ತರಾಧಿಕಾರ ನಿಯಮಗಳಿವೆ.

ಅತ್ತೆ “ಅಣ್ಣನಿಗೇ ಇರಲಿ” ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು, ಇಲ್ಲವೇ ಕ್ರಯಪತ್ರಕ್ಕೆ ಅವರೂ ಸಹಿ ಹಾಕಬೇಕು. ತಂದೆಯೇ ತೀರಿಕೊಂಡು ಅವರ ಸ್ವಯಾರ್ಜಿತ ಮನೆ 18 ತುಂಬದ ಮಕ್ಕಳ ಪಾಲಿಗೂ ಬಂದಿದ್ದರೆ, ಮಕ್ಕಳ ಪಾಲನ್ನು ಮಾರಲು ಹಿಂದೂ ಕುಟುಂಬದಲ್ಲಿ ತಾಯಿಯಾದರೂ ನ್ಯಾಯಾಲಯದ ಅನುಮತಿ ಪಡೆಯಬೇಕು.

ಮೂಲ ಕ್ರಯಪತ್ರ, ಮರಣ ಪ್ರಮಾಣಪತ್ರ, ವಂಶವೃಕ್ಷ, ಕಂದಾಯದ ರಸೀದಿ, ಋಣಭಾರ ಪ್ರಮಾಣಪತ್ರ – ಇಷ್ಟನ್ನು ಒಂದು ಫೈಲಿನಲ್ಲಿ ಸೇರಿಸಿ. ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಬದಲಾಯಿಸಿಕೊಳ್ಳಿ. ರಾಜ್ಯದಲ್ಲಿ 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ ಕಡ್ಡಾಯ. ಕಾಗದ ಸರಿಯಿಲ್ಲದ ಮನೆಯನ್ನು ಕೊಳ್ಳುವವರು ಆ ತೊಂದರೆಯನ್ನೂ ಬೆಲೆಯಲ್ಲಿ ಕಳೆಯುತ್ತಾರೆ.

ಬೆಲೆ ಇರುವುದೆಲ್ಲಿ?

ವಿದ್ಯಾರ್ಥಿಗಳೇ, ಈ ಲೆಕ್ಕ ನಿಮಗೆ. 30ಕ್ಕೆ 40 ಅಡಿಯ ನಿವೇಶನವೆಂದರೆ 1,200 ಚದರಡಿ. ಆ ಬೀದಿಯಲ್ಲಿ ಚದರಡಿಗೆ 5,000 ರೂಪಾಯಿ ಎಂದಿಟ್ಟುಕೊಳ್ಳಿ. ನೆಲದ ಬೆಲೆಯೇ 60 ಲಕ್ಷ. ಮನೆ ಒಂಬತ್ತು ಚದರ, ಅಂದರೆ 900 ಚದರಡಿ. ಈಗ ಕಟ್ಟಲು ಚದರಡಿಗೆ 2,000 ರೂಪಾಯಿ ಎಂದರೆ 18 ಲಕ್ಷ. ಹಾಗಾದರೆ ಮನೆಯ ಬೆಲೆ 78 ಲಕ್ಷವೇ? ಅಲ್ಲ. ಅರುವತ್ತು ವರ್ಷ ಹಳೆಯ ಗೋಡೆಗೆ ಹೊಸ ಗೋಡೆಯ ಬೆಲೆ ಯಾರೂ ಕೊಡುವುದಿಲ್ಲ. ಕೆಡವಿ ಕಟ್ಟುವವರಿಗೆ ಬೇಕಾದದ್ದು ನೆಲ. ಕಟ್ಟಡದಲ್ಲಿ ಅವರಿಗೆ ಉಳಿಯುವುದು ತೇಗದ ಬಾಗಿಲು, ಕಂಬ, ಹೆಂಚು, ಕಲ್ಲು. ಅದರಲ್ಲೂ ಕೆಡವುವ ಕೂಲಿ ಕಳೆಯಬೇಕು. ಆದ್ದರಿಂದ 60 ಲಕ್ಷದ ಸುತ್ತಲೇ ಮಾತು ಆರಂಭವಾಗಬೇಕು.

ಚದರಡಿ ದರ ತಿಳಿಯುವುದು ಹೇಗೆ? ಪಕ್ಕದ ಮನೆಯವರು ಎಷ್ಟು ಕೇಳುತ್ತಿದ್ದಾರೆ ಎನ್ನುವುದಲ್ಲ, ಅದೇ ಬೀದಿಯಲ್ಲಿ ಇತ್ತೀಚೆಗೆ ನಿಜವಾಗಿ ಎಷ್ಟಕ್ಕೆ ಮಾರಾಟವಾಯಿತು ಎನ್ನುವುದು ಮುಖ್ಯ. ಇಬ್ಬರು ಮೂವರು ದಲ್ಲಾಳಿಗಳನ್ನು ಬೇರೆ ಬೇರೆಯಾಗಿ ಕೇಳಿ. ಸರ್ಕಾರದ ಮಾರ್ಗಸೂಚಿ ಬೆಲೆಯನ್ನೂ ನೋಡಿ. ಅದು ಮುದ್ರಾಂಕ ಶುಲ್ಕಕ್ಕಾಗಿ ನಿಗದಿಯಾದ ದರ, ಪೇಟೆಯ ಬೆಲೆಯಲ್ಲ. “ಪತ್ರದಲ್ಲಿ ಕಡಿಮೆ ತೋರಿಸಿ, ಉಳಿದದ್ದು ನಗದು” ಎಂಬ ಆಮಿಷಕ್ಕೆ ಬೀಳಬೇಡಿ. ಆಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ರಿಪೇರಿ ಬೇಕೇ?

ಹೊಸ ಟೈಲ್ಸು, ಹೊಸ ಅಡುಗೆಮನೆ ಮಾಡಿಸಿದರೆ ಹೆಚ್ಚು ಬೆಲೆ ಬಂದೀತೆಂದು ಸಾಲ ಮಾಡಿ ಖರ್ಚು ಮಾಡುವವರಿದ್ದಾರೆ. ಕೆಡವುವವರಿಗೆ ಅದರಿಂದ ಪ್ರಯೋಜನವಿಲ್ಲ, ವಾಸಕ್ಕೆ ಕೊಳ್ಳುವವರು ತಮ್ಮ ಅಭಿರುಚಿಯಂತೆ ಬದಲಿಸಿಕೊಳ್ಳುತ್ತಾರೆ. ಜಾರಿದ ಹೆಂಚು ಸರಿಪಡಿಸಿ, ಕಟ್ಟಿದ ಮೋರಿ ಬಿಡಿಸಿ, ಹಿತ್ತಲಿನ ಗಿಡಗಂಟಿ ತೆಗೆಸಿ, ಸುಣ್ಣ ಬಳಿಸಿದರೆ ಸಾಕು. ಮೇಲ್ನೋಟಕ್ಕೆ ಕಾಣದ ದೊಡ್ಡ ದೋಷ ನಿಮಗೆ ಗೊತ್ತಿದ್ದರೆ ಮುಚ್ಚಿಡಬೇಡಿ. ಅದನ್ನು ತಿಳಿಸುವುದು ಮಾರುವವರ ಹೊಣೆ ಎಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಹೇಳುತ್ತದೆ.

ತೆರಿಗೆ ಮತ್ತು ಫೀಸು

ಉತ್ತರಾಧಿಕಾರದಿಂದ ಮನೆ ಬಂದಾಗ ತೆರಿಗೆಯಿಲ್ಲ. ಮಾರಿದಾಗ ಬಂದ ಲಾಭಕ್ಕೆ ಉಂಟು. ಹಿರಿಯರು 2001ಕ್ಕಿಂತ ಮೊದಲೇ ಕೊಂಡಿದ್ದರೆ ಅಂದಿನ ಪುಡಿಗಾಸನ್ನೇ ಅಸಲು ಎಂದು ತೋರಿಸಬೇಕಿಲ್ಲ, 2001ರ ಏಪ್ರಿಲ್ 1ರ ಬೆಲೆಯನ್ನು ತೆಗೆದುಕೊಳ್ಳಬಹುದು. 2024ರ ಜುಲೈ 23ರಿಂದ ಈ ಲಾಭದ ಮೇಲಿನ ತೆರಿಗೆ ಶೇ. 12.5. ಅದಕ್ಕೂ ಮೊದಲು ಪಡೆದ ಮನೆಯಾದರೆ, ಬೆಲೆಯೇರಿಕೆ ಕಳೆದು ಶೇ. 20ರಂತೆ ಹಾಕುವ ಹಳೆಯ ಲೆಕ್ಕದಲ್ಲಿ ತೆರಿಗೆ ಕಡಿಮೆಯಾಗುವುದೋ ಎಂದು ಆಡಿಟರನ್ನು ಕೇಳಿ. ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿದರೆ ವಿನಾಯಿತಿ ಉಂಟು. ಮಗಳ ಫೀಸಿಗೆ ಕಟ್ಟಿದರೆ ಇಲ್ಲ! ಹಾಗಾಗಿ ಬಂದ ಹಣದಲ್ಲಿ ಪಾಲು ಕಳೆದು, ತೆರಿಗೆ ಕಳೆದು ಉಳಿದದ್ದೇ ಓದಿಗೆ. ಅರುವತ್ತು ಲಕ್ಷದಲ್ಲಿ ನಾಲ್ಕು ಪಾಲಾದರೆ ನಿಮಗೆ ಬರುವುದು 15 ಲಕ್ಷ, ಅದರಲ್ಲೂ ತೆರಿಗೆ.

ಮೊದಲ ವರ್ಷದ ಫೀಸಿಗೆ ಬ್ಯಾಂಕಿನ ಶಿಕ್ಷಣ ಸಾಲ ವಿಚಾರಿಸಿ. 7.5 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಬೇಡದ ಖಾತರಿ ಯೋಜನೆ 2015ರಲ್ಲೇ ಬಂದಿದೆ. ಬಡ್ಡಿ ಕಟ್ಟಬೇಕು, ನಿಜ. ಆದರೆ ಒಳ್ಳೆಯ ಗಿರಾಕಿಗಾಗಿ ಕಾಯಲು ಬೇಕಾದ ಸಮಯ ಸಿಗುತ್ತದೆ.

ಕೊನೆಯದಾಗಿ ಒಂದು ಮಾತು. ದಲ್ಲಾಳಿಗೆ ಹೇಳುವ ಮುನ್ನ, ಒಂದು ಭಾನುವಾರ ಅಜ್ಜನ ಮಕ್ಕಳೆಲ್ಲ ಅದೇ ಜಗಲಿಯ ಮೇಲೆ ಕುಳಿತು ಕಾಗದ ಬಿಡಿಸಲಿ. ಟೇಪು ಹಿಡಿದು ನಿವೇಶನ ಅಳೆಯುವ ಕೆಲಸ ಮೊಮ್ಮಕ್ಕಳದಾಗಲಿ. ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂಬ ಒಂದು ಅಂಕಿಯನ್ನು ಎಲ್ಲರೂ ಒಪ್ಪಿ ಬರೆದಿಟ್ಟುಕೊಳ್ಳಿ. ಆಮೇಲೆ ಬಾಗಿಲು ತಟ್ಟುವವರಿಗೆ ಅಣ್ಣನೂ ತಂಗಿಯೂ ಒಂದೇ ಉತ್ತರ ಕೊಡಬಲ್ಲರು.